ಹಿಂದಿನ ಸೀಟಿನ ಎತ್ತರ

ನಮ್ಮ ದೇಶದಲ್ಲಿ ಗಾಡಿಯನ್ನು ಎತ್ತರಿಸಿದವರು ಬಹಳ, ತಗ್ಗಿಸಿದವರು ಕಡಿಮೆ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಗೆ ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಪಾಟಾ. ಮೇ ತಿಂಗಳ ರಜೆಗೆ ಊರಿಗೆ ಹೊರಡುವ ಮೊದಲು ಹಿಂದಿನ ಪಾಟಾಕ್ಕೆ ಇನ್ನೊಂದು ಎಲೆ ಸೇರಿಸಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಪ್ರಯಾಣದ ತಯಾರಿಯ ಒಂದು ಭಾಗವಾಗಿತ್ತು. ಐದು ಜನ, ಮೇಲೆ ಕ್ಯಾರಿಯರ್, ಅದರ ಮೇಲೆ ಟ್ರಂಕು. ಗಾಡಿಯ ಬಾಲ ನೆಲಕ್ಕೆ ತಾಗಬಾರದು, ಅಷ್ಟೇ. 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು.

ಅಂಥದೊಂದು ಪದ್ಮಿನಿಯ ಹಿಂದಿನ ಸೀಟಿನಲ್ಲಿ ಕೂತು ಮಾಟುಂಗದಿಂದ ಮಂಗಳೂರಿನವರೆಗೆ ಹೋಗಿಬರುತ್ತಿದ್ದ ಹುಡುಗ ಈಗ ನಲವತ್ತೆಂಟರ ಗೃಹಸ್ಥ. ಮನೆ ಚೆಂಬೂರಿನಲ್ಲಿ, ಕೆಲಸ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ. ಅವನ ಬಳಿ ಇರುವುದು ಒಬ್ಬರ ಕೈದಾಟಿ ಬಂದ ಬಿಎಂಡಬ್ಲ್ಯು 3 ಸೀರೀಸ್, 2019ಕ್ಕೆ ಮುಗಿದ ತಲೆಮಾರಿನದು. ಅದನ್ನು ನಾಲ್ಕು ಸೆಂಟಿಮೀಟರ್ ತಗ್ಗಿಸಬೇಕು ಎನ್ನುವುದು ಅವನ ಬಹುದಿನದ ಆಸೆ. ಚಕ್ರಕ್ಕೂ ಮಡ್‌ಗಾರ್ಡ್ ಕಮಾನಿಗೂ ನಡುವೆ ಕಾಣುವ ಖಾಲಿ ಜಾಗ ಅವನಿಗೆ ಗಿಡ್ಡ ಪ್ಯಾಂಟು ತೊಟ್ಟವರ ಕಣಕಾಲಿನಂತೆ ಕಾಣುತ್ತದೆ. ಭಾರತಕ್ಕೆಂದು ಬರುವ ಹಲವು ಜರ್ಮನ್ ಸೆಡಾನ್‌ಗಳು ಯುರೋಪಿನ ತಮ್ಮ ಅವಳಿಗಳಿಗಿಂತ ತುಸು ಎತ್ತರಕ್ಕೆ ನಿಲ್ಲುತ್ತವೆ. ಆ ಎತ್ತರ ನಮ್ಮ ರಸ್ತೆಗಳಿಗಾಗಿ ಕೊಟ್ಟದ್ದು, ಅದು ಅವನಿಗೂ ಗೊತ್ತು.

ಭಾನುವಾರ ಬೆಳಿಗ್ಗೆ ಐದೂವರೆಗೆ ಅವನು ಒಬ್ಬನೇ ಹೊರಡುತ್ತಾನೆ. ಕೋಸ್ಟಲ್ ರೋಡ್, ಇಲ್ಲವೇ ಶಿವ್ಡಿಯಿಂದ ಚಿರ್ಲೆಯವರೆಗೆ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು. ಎರಡೂ ತೆರೆದದ್ದು 2024ರಲ್ಲಿ. ಮುಂಬಯಿಯವನಿಗೆ ನುಣುಪಾದ ರಸ್ತೆ ಎಂಬುದು ಅಷ್ಟು ಹೊಸದು. ಸೇತುವೆಯ ಮೇಲೆ ಗಂಟೆಗೆ ನೂರು ಕಿಲೋಮೀಟರ್‌ವರೆಗೆ ಅನುಮತಿ ಇದೆ. ಆ ವೇಗದಲ್ಲಿ ಕಾರು ಸೇತುವೆಯ ಕೀಲುಗಳ ಮೇಲೆ ಹಾಯುವಾಗ ಎದ್ದು, ಕೂತು, ಇನ್ನೊಮ್ಮೆ ಅರ್ಧ ಎದ್ದು ಸುಮ್ಮನಾಗುತ್ತದೆ. ಆ ಅರ್ಧ ಏಳುವಿಕೆ ಅವನನ್ನು ಕಾಡುತ್ತದೆ.

ಇದಕ್ಕೆ ಪರಿಹಾರವೆಂದು ಅವನು ಕಂಡುಕೊಂಡದ್ದು ಕಾಯಿಲೋವರ್. ಡ್ಯಾಂಪರಿನ ಸುತ್ತ ಸುರುಳಿ ಸ್ಪ್ರಿಂಗ್ ಕೂರಿಸಿ, ಸ್ಪ್ರಿಂಗಿನ ಕೆಳಗಿನ ಬಟ್ಟಲನ್ನು ಮರೆಯ ಮೇಲೆ ತಿರುಗಿಸಿ ಎತ್ತರ ಬದಲಿಸುವ ಜೋಡಣೆ. ಕೇಳುವುದಕ್ಕೆ ಸರಳ. ಆದರೆ ಬಿಎಂಡಬ್ಲ್ಯುವಿನ ಹಿಂಭಾಗದಲ್ಲಿ ಸ್ಪ್ರಿಂಗೇ ಬೇರೆ ಕಡೆ, ಡ್ಯಾಂಪರೇ ಬೇರೆ ಕಡೆ ಕೂತಿರುತ್ತವೆ. ಅಂದರೆ ನಾಲ್ಕು ಕಾಯಿಲೋವರ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಹೆಸರಿಗೆ ತಕ್ಕವು ಮುಂದಿನ ಎರಡು ಮಾತ್ರ. ಹಿಂದೆ ಸ್ಪ್ರಿಂಗಿನ ಕೆಳಗೊಂದು ತಿರುಗಣೆ ಇರುತ್ತದೆ, ಅಷ್ಟೇ.

ತಯಾರಕರ ಪಟ್ಟಿ ಬಿಡಿಸಿದರೆ ಮೆಟ್ಟಿಲುಗಳು ಕಾಣುತ್ತವೆ. ಕೆಡಬ್ಲ್ಯು ಕಂಪನಿಯ ವೇರಿಯಂಟ್ ಒಂದರಲ್ಲಿ ಎತ್ತರ ಮಾತ್ರ ಬದಲಿಸಬಹುದು. ಎರಡರಲ್ಲಿ ಸ್ಪ್ರಿಂಗ್ ಹಿಗ್ಗುವಾಗಿನ ತಡೆಯನ್ನೂ, ಮೂರರಲ್ಲಿ ಕುಗ್ಗುವಾಗಿನ ತಡೆಯನ್ನೂ ಬದಲಿಸಬಹುದು. ಬಿಲ್‌ಸ್ಟೈನ್‌ನ ಬಿ14ರಲ್ಲಿ ಎತ್ತರ, ಬಿ16ರಲ್ಲಿ ಎತ್ತರದ ಜೊತೆ ಹತ್ತು ಹಂತದ ತಡೆ. ತೈವಾನಿನ ಬಿಸಿ ರೇಸಿಂಗ್‌ನಂಥವರು ಸ್ಪ್ರಿಂಗ್ ಮುಟ್ಟದೆ ಕೆಳಗಿನ ಬ್ರ್ಯಾಕೆಟ್ಟನ್ನೇ ತಿರುಗಿಸಿ ಎತ್ತರ ಬದಲಿಸುವ ಅನುಕೂಲ ಕೊಡುತ್ತಾರೆ. ಅವನು ಮೂರು ವಾರ ಈ ಪಟ್ಟಿಗಳಲ್ಲೇ ಮುಳುಗಿದ್ದ. ಇಂಥ ಹುಡುಕಾಟದಲ್ಲಿ ಒಂದು ಸುಖವಿದೆ, ಅದನ್ನು ಕೀಳಾಗಿ ಕಾಣಬೇಕಿಲ್ಲ.

ಲೆಕ್ಕಕ್ಕೆ ಕೂತಾಗ ಸುಖ ಸ್ವಲ್ಪ ಇಳಿಯಿತು. ಒಂದು ಮೂಲೆಯ ಸ್ಪ್ರಿಂಗಿನ ಮೇಲೆ 360 ಕಿಲೋ ಭಾರ ಇದೆಯೆನ್ನಿ. ಮಿಲಿಮೀಟರಿಗೆ 3 ಕಿಲೋ ತಡೆಯುವ ಸ್ಪ್ರಿಂಗು ಆ ಭಾರಕ್ಕೆ 120 ಮಿಲಿಮೀಟರ್ ಕುಸಿಯುತ್ತದೆ. ಹಾಗೆ ಕುಸಿದು ನಿಂತ ಕಾರು ಸೆಕೆಂಡಿಗೆ ಸುಮಾರು 1.4 ಸಲ ತೂಗುವ ಸ್ವಭಾವದ್ದು. ಮೈಗೆ ಹಿತವಾದ ತೂಗಾಟ. ಅದೇ ಜಾಗದಲ್ಲಿ 6 ಕಿಲೋದ ಸ್ಪ್ರಿಂಗ್ ಹಾಕಿದರೆ ಕುಸಿತ 60 ಮಿಲಿಮೀಟರ್, ತೂಗಾಟ ಸೆಕೆಂಡಿಗೆ ಎರಡು ಸಲ. ಗಟ್ಟಿ ಸ್ಪ್ರಿಂಗು ಬರಿಯ ಶೋಕಿಗಾಗಿ ಅಲ್ಲ. ಕಾರು ತಗ್ಗಿದಷ್ಟೂ ಚಕ್ರ ಮೇಲೇಳುವುದಕ್ಕೆ ಉಳಿದ ದಾರಿ ಕಡಿಮೆ. ಮೊದಲು 80 ಮಿಲಿಮೀಟರ್ ಇದ್ದದ್ದು 40 ಆಯಿತೆಂದರೆ, ಅದೇ ಗುಂಡಿಯ ಪೆಟ್ಟನ್ನು ಅರ್ಧ ದೂರದಲ್ಲಿ ನಿಲ್ಲಿಸಬೇಕು. ಸ್ಪ್ರಿಂಗ್ ಗಟ್ಟಿಯಾಗದಿದ್ದರೆ ರಬ್ಬರಿನ ತಡೆಗಟ್ಟಿಗೆ ಹೋಗಿ ಬಡಿಯುತ್ತದೆ. ಬ್ರ್ಯಾಕೆಟ್ ತಿರುಗಿಸುವ ಬಗೆಯಲ್ಲಿ ಡ್ಯಾಂಪರಿನ ಓಟ ಉಳಿಯುತ್ತದೆ ನಿಜ. ಟೈರಿಗೂ ಕಮಾನಿಗೂ ನಡುವಿನ ಜಾಗ ಮಾತ್ರ ಯಾವ ಬಗೆಯಲ್ಲೂ ಹೆಚ್ಚುವುದಿಲ್ಲ. ತಗ್ಗಿನ ಸಾಲವನ್ನು ಮೆತ್ತನೆಯಲ್ಲೇ ತೀರಿಸಬೇಕು. ತಿರುಗಣೆಗಳು ಎಷ್ಟೇ ಇರಲಿ, ಈ ಸಾಲ ಮನ್ನಾ ಆಗುವುದಿಲ್ಲ.

ಇನ್ನು ರಸ್ತೆ ಉಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡನೆಯ ಉಬ್ಬಿಗೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯ. ಅದರ ನಡುವೆ ಅವನ ಕಾರು ನಿಂತರೆ ನಾಲ್ಕೂ ಚಕ್ರಗಳು ಉಬ್ಬಿನ ಮೇಲೇ ಇರುತ್ತವೆ. ಹೊಟ್ಟೆಯ ಕೆಳಗೆ ಕಳೆಯುವುದು ಹೆಚ್ಚೆಂದರೆ 6 ಸೆಂಟಿಮೀಟರ್. ಕಾಗದದ ಮೇಲೆ ತಗ್ಗಿಸಿದ ಕಾರಿಗೂ ತೊಂದರೆ ಇಲ್ಲ. ಆದರೆ ಹೌಸಿಂಗ್ ಸೊಸೈಟಿಗಳ ಗೇಟಿನಲ್ಲಿ ಗೌಂಡಿ ಕೈಗೆ ಬಂದಂತೆ ಸುರಿದ ಸಿಮೆಂಟಿನ ದಿಬ್ಬಕ್ಕೆ ಕಾಂಗ್ರೆಸ್ಸೂ ಇಲ್ಲ, ತ್ರಿಜ್ಯವೂ ಇಲ್ಲ. ಅವನು ಟೇಪು ಹಿಡಿದು ತನ್ನ ಗೇಟಿನದನ್ನು ಅಳೆದ: ಅಗಲ ಒಂದಡಿ, ಎತ್ತರ 12 ಸೆಂಟಿಮೀಟರ್. ಕಾರಿನ ಹೊಟ್ಟೆ ನೆಲದಿಂದ 15ರಲ್ಲಿತ್ತು. ನಾಲ್ಕು ಕಳೆದರೆ 11. ತಿಂಗಳ ಕಂತು ಕಟ್ಟುವ ಮನೆಯ ಗೇಟಿನಲ್ಲೇ ಕಾರು ತರಚಿಕೊಳ್ಳಬೇಕು.

ಮಳೆಗಾಲದ ಮಾತು ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದನ್ನು ಕಂಡ ಊರಿದು. ಅಂಥ ದಿನ ನಾಲ್ಕು ಸೆಂಟಿಮೀಟರಿನ ಲೆಕ್ಕಕ್ಕೆ ಅರ್ಥವಿಲ್ಲ. ಅರ್ಥವಿರುವುದು ಸಾಮಾನ್ಯ ಜುಲೈ ದಿನಗಳಿಗೆ: ಹಿಂದ್‌ಮಾತಾದಲ್ಲೋ ಕಿಂಗ್ಸ್ ಸರ್ಕಲ್ಲಿನಲ್ಲೋ ಮೊಣಕಾಲ ಕೆಳಗಿನ ನೀರು, ಅದರಡಿ ಕಿತ್ತುಹೋದ ಪೇವರ್ ಬ್ಲಾಕು, ಕಾಣದ ಗುಂಡಿ. ಉಪ್ಪು ಗಾಳಿ, ಕೆಸರು ಸೇರಿ ತಿರುಗಣೆಯ ಮರೆ ಕಚ್ಚಿಕೊಂಡರೆ ಎರಡು ವರ್ಷದಲ್ಲಿ ಹೊಂದಿಸಬಹುದಾದ ಸಸ್ಪೆನ್ಷನ್ ಹೊಂದಿಸಲಾಗದ್ದಾಗುತ್ತದೆ. ಕೆಡಬ್ಲ್ಯುವಿನವರು ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ ಕೊಡುವುದನ್ನು ಅವನು ಅದಕ್ಕಾಗಿಯೇ ಮೆಚ್ಚಿದ್ದ. ಕಡಲ ಊರಿನಲ್ಲಿ ತಡೆಯ ಹಂತ ಎಷ್ಟು ಎನ್ನುವುದಕ್ಕಿಂತ ಕೊಳವೆ ಯಾವ ಲೋಹದ್ದು ಎನ್ನುವುದು ದೊಡ್ಡ ಪ್ರಶ್ನೆ.

ಕಾನೂನಿನ ವಿಷಯವನ್ನು ಇಂಥ ಮಾತುಕತೆಗಳಲ್ಲಿ ಎಲ್ಲರೂ ಕೊನೆಗೆ, ತಗ್ಗಿದ ದನಿಯಲ್ಲಿ ಎತ್ತುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟದ್ದಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ, ನಿಯಮಕ್ಕೆ ಹೊರತಾದ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ಇಟ್ಟಿತು. ನೋಂದಣಿ ಪತ್ರದಲ್ಲಿ ಎತ್ತರದ ಕಾಲಮ್ಮೇ ಇಲ್ಲವಲ್ಲ ಎಂದು ಗ್ಯಾರೇಜಿನವರು ವಾದಿಸುತ್ತಾರೆ. ಅಪಘಾತವಾದ ಮೇಲೆ ವಿಮೆಯ ಸರ್ವೇಯರ್ ಮುಂದೆ ಈ ವಾದ ಎಷ್ಟು ನಿಂತೀತು ಎನ್ನುವುದನ್ನು ಅವರು ಹೇಳುವುದಿಲ್ಲ. ಜರ್ಮನಿಯಲ್ಲಿ ಕಿಟ್ಟಿನ ಜೊತೆ ಪ್ರಮಾಣಪತ್ರ ಬರುತ್ತದೆ. ಎಷ್ಟರಿಂದ ಎಷ್ಟು ಮಿಲಿಮೀಟರ್ ತಗ್ಗಿಸಬಹುದೆಂದು ಅದರಲ್ಲೇ ಇರುತ್ತದೆ, ತಪಾಸಕ ನೋಡಿ ಸಹಿ ಹಾಕುತ್ತಾನೆ.

ಆ 'ಎಷ್ಟರಿಂದ' ಎಂಬ ಅಂಕಿಯನ್ನು ಅವನು ತಡವಾಗಿ ಗಮನಿಸಿದ. ಇಂಥ ಕಿಟ್ಟುಗಳ ವ್ಯಾಪ್ತಿ ಸಾಮಾನ್ಯವಾಗಿ ಶುರುವಾಗುವುದೇ ಇಪ್ಪತ್ತು ಮೂವತ್ತು ಮಿಲಿಮೀಟರ್ ಇಳಿಕೆಯಿಂದ, ಅದೂ ಯುರೋಪಿನ ಎತ್ತರದಿಂದ ಎಣಿಸಿ. ಅವನು ನೋಡಿಟ್ಟದ್ದರಲ್ಲಿ ಮೇಲಿನ ತುದಿಯೇ ಮೂವತ್ತು.

ತಡವಾದರೂ ಗಮನಿಸಿದ್ದು ಕುರ್ಲಾದ ಮೆಕ್ಯಾನಿಕ್‌ನ ಪ್ರಶ್ನೆಯಿಂದ. ಸಿಎಸ್‌ಟಿ ರೋಡಿನ ಆ ಮನುಷ್ಯ ಸ್ಪ್ರಿಂಗಿನ ಗಟ್ಟಿತನ ಕೇಳಲಿಲ್ಲ, ಬಜೆಟ್ ಕೇಳಲಿಲ್ಲ. "ಪೀಛೇ ಕೌನ್ ಬೈಠತಾ ಹೈ?" ಎಂದ.

ಹಿಂದೆ ಕೂರುವುದು ತಂದೆ. ಹದಿನಾಲ್ಕರ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲು ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಕನ್ನಡದ ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕ್ ಸೇರಿ, ಪದ್ಮಿನಿ ಕೊಂಡವರು. ಕಳೆದ ವರ್ಷ ಸೊಂಟದ ಕೀಲು ಬದಲಾಯಿತು. ಫಿಸಿಯೋಥೆರಪಿಯವರು ಮನೆಗೆ ಬಂದು ಕುರ್ಚಿ, ಮಂಚ, ಕಮೋಡು ಎಲ್ಲವನ್ನೂ ಅಳೆದು ಹೋಗಿದ್ದರು: ಕೂತಾಗ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗಬಾರದು. ಕಾರನ್ನು ಯಾರೂ ಅಳೆದಿರಲಿಲ್ಲ. ಅಂದು ಸಂಜೆ ಅವನು ಅಳೆದ. ಹಿಂದಿನ ಸೀಟಿನ ಅಂಚು ನೆಲದಿಂದ 50 ಸೆಂಟಿಮೀಟರ್, ತಂದೆಯ ಮೊಣಕಾಲು 47. ಕಿಟ್ಟಿನ ಅತಿ ಎತ್ತರದ ಹಂತದಲ್ಲೇ ಆ ಮೂರೂ ಮುಗಿದುಹೋಗುತ್ತವೆ. ಕುಶನ್ ಕುಸಿಯುವುದು ಲೆಕ್ಕಕ್ಕೆ ಬೇರೆ.

ತಂದೆಗೆ ವಿಷಯ ತಿಳಿದದ್ದು ಟೇಪಿನಿಂದಲೇ. ಯಾಕೆ ಅಳೆಯುತ್ತಿದ್ದೀ ಎಂದು ಕೇಳಿದರು, ಅವನು ಹೇಳಿದ. "ಅದಕ್ಕೇನು, ಒಂದು ದಿಂಬು ಇಟ್ಟುಕೊಂಡರಾಯಿತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇಲ್ಲದಿದ್ದರೆ ನಾನು ಟ್ಯಾಕ್ಸಿಯಲ್ಲಿ ಹೋಗುತ್ತೇನೆ" ಎಂದರು. ಮಾತಿನಲ್ಲಿ ಕೊಂಕು ಇರಲಿಲ್ಲ. ಪದ್ಮಿನಿ ಕೊಂಡಾಗ ಬಣ್ಣ ಯಾವುದೆಂದು ಅವರೂ ಯಾರನ್ನೂ ಕೇಳಿರಲಿಲ್ಲವಂತೆ.

ಅಡ್ಡಿ ಮಾಡಿದ್ದರೆ ಅವನು ವಾದಿಸಬಹುದಿತ್ತು.

ಕಿಟ್ಟನ್ನು ಅವನು ತರಿಸಲಿಲ್ಲ. ಮೂರು ವಾರದ ಓದು ವ್ಯರ್ಥವಾಗಲಿಲ್ಲ ಎನ್ನಬೇಕು, ಏಕೆಂದರೆ ತನಗೆ ಬೇಕಾದದ್ದು ಎರಡು ಎಂದು ಆಗ ತಿಳಿಯಿತು: ನೋಟ ಒಂದು, ಆ ಅರ್ಧ ಏಳುವಿಕೆ ನಿಲ್ಲುವುದು ಇನ್ನೊಂದು. ಎರಡನೆಯದಕ್ಕೆ ಎತ್ತರ ಮುಟ್ಟಬೇಕಿಲ್ಲ. ಮೂಲ ಸ್ಪ್ರಿಂಗಿನೊಂದಿಗೇ ಕೂರುವ ಬಿಲ್‌ಸ್ಟೈನ್ ಬಿ6ರಂಥ ಡ್ಯಾಂಪರುಗಳಿವೆ. ಹಳೆಯವು ಹೇಗೂ ಸವೆದಿದ್ದವು. ಮೆಕ್ಯಾನಿಕ್ ಕೈಯಿಂದ ಮೂಲೆ ಒತ್ತಿ ಬಿಟ್ಟು ತೋರಿಸಿದ. ಮಳೆ ಮುಗಿದ ಮೇಲೆ ನಾಲ್ಕನ್ನೂ ಹಾಕಿಸಿ, ಚಕ್ರದ ಅಲೈನ್‌ಮೆಂಟ್ ಮಾಡಿಸಿಕೊಂಡ. ನೋಟ ಹಾಗೇ ಉಳಿಯಿತು, ಗಿಡ್ಡ ಪ್ಯಾಂಟಿನದು.

ಲೆಕ್ಕ ಬರೆಯುವಾಗ ಮೆಕ್ಯಾನಿಕ್, ತಗ್ಗಿಸುವ ಕೆಲಸ ಬಾದ್ ಮೇ ದೇಖೇಂಗೆ ಎಂದ. ಆಮೇಲೆ ಎಂದರೆ ಯಾವಾಗ ಎಂದು ಇಬ್ಬರೂ ಹೇಳಲಿಲ್ಲ. ಅವನು ಹಣ ಕೊಟ್ಟು, ಹಳೆಯ ಡ್ಯಾಂಪರುಗಳನ್ನು ಅಲ್ಲೇ ಬಿಟ್ಟು, ಸಂಜೆಯ ದಟ್ಟಣೆಯಲ್ಲಿ ಚೆಂಬೂರಿನ ಕಡೆ ಹೊರಟ. ಗೇಟಿನ ದಿಬ್ಬದ ಮೇಲೆ ಕಾರು ಒಮ್ಮೆ ಎದ್ದು, ಕೂತು, ನಿಂತಿತು.