ಮಗ್ಗದ ಮನೆಯಲ್ಲೊಂದು ಗ್ರೀನ್ ಹೌಸು

ಸಂಕ್ರಾಂತಿ ಮುಗಿದ ಮರುದಿನದಿಂದ ನಮ್ಮ ಹಿತ್ತಲಲ್ಲಿ ನನ್ನದೇ ಬೇರೊಂದು ಸಂಸಾರ ಶುರುವಾಗಿದೆ. ಬೆಳಿಗ್ಗೆ ಜಮಖಂಡಿ ಬಸ್ಸು ಹಿಡಿಯುವ ಮುಂಚೆ ಒಂದು ತಾಸು, ಸಂಜೆ ಬನಹಟ್ಟಿಗೆ ವಾಪಸ್ ಬಂದ ಮೇಲೆ ಕತ್ತಲಾಗುವ ತನಕ. ತೊಳೆಯೋದು, ಕಟ್ಟೋದು, ಬಿಚ್ಚಿ ಮತ್ತೆ ಕಟ್ಟೋದು. "ಮನ್ಯಾಗ ಒಂದ್ ಮೊಳಿ ಹೊಡೀರಿ ಅಂದ್ರ ಮೂರು ತಿಂಗಳ ಮಾಡ್ತೀರಿ, ಅಲ್ಲಿ ಹೆಂಗ ಕೈ ಓಡ್ತಾವ ನೋಡ್ರಿ" ಅಂತ ಮನೆಯವಳ ಮಂಗಳಾರತಿ ದಿನಾ ಆಗುತ್ತಿದೆ. ಆಗಲಿ ಬಿಡಿ, ಈ ಸಲ ಸ್ವಲ್ಪ ಗಂಭೀರ ವಿಷಯ.

ಈ ಹುಚ್ಚು ಹತ್ತಿದ್ದು ನನ್ನ ಕಾಲೇಜು ಗೆಳೆಯನಿಂದ. ಅವನಿರೋದು ಕೆನಡಾದ ಕ್ಯಾಲ್ಗರಿಯಲ್ಲಿ. ಅಲ್ಲಿ ಮೇ ಕೊನೆಯ ತನಕವೂ ಹಿಮ ಬಿದ್ದು ಸಸಿ ಸುಡುವ ಭಯ. ಅದಕ್ಕೇ ಹಿತ್ತಲಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಮನೆ ಮಾಡಿ, ಹೊರಗೆ ಚಳಿ ಇದ್ದಾಗಲೇ ಒಳಗೆ ಟೊಮೆಟೊ ಸಸಿ ಎಬ್ಬಿಸಿರುತ್ತಾನೆ. ಅವನು ಕಳಿಸಿದ ಫೋಟೋ ನೋಡಿ ನನಗೂ ತಲೆ ಕೆಟ್ಟಿತು. ಮೂರು ವರ್ಷದ ಹಿಂದೆ ನಾನೂ ಪೈಪು ಬಗ್ಗಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹೆಮ್ಮೆಯಿಂದ ಅವನಿಗೂ ಫೋಟೋ ಕಳಿಸಿದೆ. ಮಾರ್ಚಿನ ಒಂದು ಮಧ್ಯಾಹ್ನ ಒಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ 48 ಡಿಗ್ರಿ! ಸಸಿಗಳೆಲ್ಲ ಬೇಯಿಸಿದ ಪಲ್ಯ ಆಗಿದ್ದವು :)

ಆಮೇಲೆ ಹೊಳೆಯಿತು. ಅವನ ಗ್ರೀನ್ ಹೌಸು ಬಿಸಿ ಹಿಡಿದಿಡುವ ಮನೆ. ನಮಗೆ ಬೇಕಾದದ್ದು ಬಿಸಿಲು ತಡೆಯುವ ಮನೆ. ಪ್ಲಾಸ್ಟಿಕ್ಕಿನ ಒಳಗೆ ಬೆಳಕು ಬರುತ್ತದೆ, ಆದರೆ ಕಾದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಬಲೆಯಾದರೆ ಉಸಿರಾಡುತ್ತದೆ. ನಮ್ಮಲ್ಲಿ ವಸಂತ ಅನ್ನೋದಾದರೂ ಎಷ್ಟು ದಿನ? ಶಿವರಾತ್ರಿಗೆ ಚಳಿ ಹೋಗುತ್ತದೆ, ಯುಗಾದಿ ಹೊತ್ತಿಗೆ ನೆಲ ಕಾದ ಹಂಚಾಗಿರುತ್ತದೆ, ಏಪ್ರಿಲ್‌ನಲ್ಲಿ 40 ಡಿಗ್ರಿ ಮಾಮೂಲು. 35 ದಾಟಿದರೆ ಟೊಮೆಟೊ ಹೂವು ಕಾಯಿ ಕಚ್ಚದೆ ಉದುರುತ್ತದೆ. ಬದನೆ ಅಷ್ಟು ನಾಜೂಕಲ್ಲ, ಆದರೆ ಅದೂ ಬಿಸಿಲು ಏರುವ ಮುಂಚೆ ನೆಲದಲ್ಲಿ ಬೇರು ಬಿಟ್ಟಿರಬೇಕು. ಅಂದರೆ ಜನವರಿಯಲ್ಲೇ ಬೀಜ ಹಾಕಬೇಕು. ಜನವರಿಯ ನಸುಕಿನ ಚಳಿಗೋ ಬೀಜ ಬೇಗ ಮೊಳೆಯೋದಿಲ್ಲ. ಈ ಎರಡರ ನಡುವೆ ಸಿಕ್ಕಷ್ಟೇ ನಮ್ಮ ವಸಂತ.

ನನ್ನ ಬಲೆಮನೆ ಇರೋದು ಹಳೆಯ ಮಗ್ಗದ ಮನೆಯಲ್ಲಿ. ರಬಕವಿ-ಬನಹಟ್ಟಿ ಅಂದರೆ ನೇಕಾರರ ಊರು ಅಂತ ನಿಮಗೆ ಗೊತ್ತೇ ಇದೆ. ಈಗಲೂ ನಮ್ಮ ಓಣಿಯಲ್ಲಿ ಪವರ್‌ಲೂಮಿನ ಖಟಕ್ ಖಟಕ್ ಕೇಳದ ದಿನ ಇಲ್ಲ, ಕರೆಂಟು ಹೋದಾಗ ಬಿಟ್ಟರೆ. ಅಪ್ಪ ನೇಯುತ್ತಿದ್ದದ್ದು ಕುಣಿ ಮಗ್ಗದಲ್ಲಿ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವುದು. ಮಗ್ಗ ನಿಲ್ಲಿಸಿ ಇಪ್ಪತ್ತು ವರ್ಷದ ಮೇಲಾಯಿತು. 2019ರ ಆಗಸ್ಟಿನ ಮಳೆಯಲ್ಲಿ ಆ ಕೋಣೆಯ ಒಂದು ಗೋಡೆ ಕುಸಿದು ಮೇಲ್ಮುದ್ದೆಯೂ ಕೂತಿತು. ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಸುತ್ತಲಿನ ಹಳ್ಳಿಗಳೇ ನೀರಲ್ಲಿದ್ದಾಗ ನಮ್ಮದೊಂದು ಗೋಡೆ ಯಾವ ಲೆಕ್ಕ ಅಂತ ಸುಮ್ಮನಾದೆವು. ಮೂರು ಗೋಡೆ, ಮೇಲೆ ಆಕಾಶ. ಬಲೆ ಕಟ್ಟೋದಕ್ಕೆ ಅದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು? ಕುಣಿಗೆ ಮಣ್ಣು ತುಂಬಿ ಸಮ ಮಾಡಿದರೆ ಇನ್ನೆರಡು ಟ್ರೇ ಸಾಲು ಹಿಡಿಯುತ್ತವೆ ಅಂತ ಅಂದದ್ದಕ್ಕೆ ಅಪ್ಪ ಒಂದೇ ಮಾತು ಹೇಳಿದರು. "ಕುಣಿ ಮುಚ್ಚಬ್ಯಾಡ." ಯಾಕೆ ಅಂತ ನಾನೂ ಕೇಳಲಿಲ್ಲ.

ಈಗ ಗಂಭೀರ ವಿಷಯಕ್ಕೆ ಬರ್ತೀನಿ.

ನನ್ನ ಅಕ್ಕನನ್ನು ಕೊಟ್ಟಿದ್ದು ಬೀಳಗಿ ಕಡೆಗೆ. ಅವರ ಹೊಲ ಹೊಳೆದಂಡೆಯ ಎರೆಮಣ್ಣಿನ ಹೊಲ. ಅದರ ಬದುವಿಗೆ ಅವಳ ಅತ್ತೆ ಹಾಕುತ್ತಿದ್ದ ಜವಾರಿ ಬದನೆ ಇತ್ತು, ತೊಟ್ಟಿನ ತುಂಬ ಮುಳ್ಳು, ಎಣ್ಣೆಗಾಯಿ ಮಾಡಿದರೆ ಕೈ ತೊಳೆಯಲು ಮನಸ್ಸು ಬರಬಾರದು ಅಂಥದ್ದು. ಆಲಮಟ್ಟಿಯ ಹಿನ್ನೀರು 519.6 ಮೀಟರ್ ಮಟ್ಟಕ್ಕೆ ನಿಲ್ಲತೊಡಗಿದ ಮೇಲೆ ಆ ಹೊಲ ನೀರಲ್ಲಿದೆ. ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬರುವಾಗ ಆ ಅತ್ತೆ ದೇವರ ಜಗುಲಿಯ ಸಾಮಾನಿನ ಜೊತೆ ಬೀಜದ ಗಂಟನ್ನೂ ಕಟ್ಟಿಕೊಂಡು ಬಂದರಂತೆ. ಅವರು ಇರುವ ತನಕ ಹಿತ್ತಲಲ್ಲಿ ನಾಲ್ಕು ಗಿಡ ತಪ್ಪದೆ ಇರುತ್ತಿದ್ದವು. ಅವರು ಹೋದ ಮೇಲೆ ನೀರಿನ ತಾಪತ್ರಯ, ಗರಸು ಮಣ್ಣು... ನಿಂತೇ ಹೋಯಿತು.

ಹೋದ ವರ್ಷ ಅಕ್ಕ ಬೂದಿ ಬೆರೆಸಿಟ್ಟಿದ್ದ ಆ ಬೀಜದಲ್ಲಿ ಅರ್ಧ ನನಗೆ ಕೊಟ್ಟಳು. "ತಮ್ಮಾ, ನಿನ್ನ ಬಲಿಯೊಳಗ ಎಬ್ಬಿಸಿ ಕೊಡೋ." ಎಬ್ಬಿಸಿದೆ. ಸಸಿ ಬೆರಳುದ್ದ ಬಂದಿದ್ದವು. ಆಗ ಮುಧೋಳದಲ್ಲಿ ಮದುವೆ ಬಂತು, ಮೂರು ದಿನ ಹೋದೆ. ಪಕ್ಕದ ಮನೆಯ ಹುಡುಗನಿಗೆ ನೀರು ಹಾಕಲು ಹೇಳಿದ್ದೆ, ಎಷ್ಟು ಅಂತ ಹೇಳಿರಲಿಲ್ಲ. ಅವನು ಪ್ರೀತಿಯಿಂದ ದಿನಕ್ಕೆ ಮೂರು ಸಲ ಹಾಕಿದ್ದಾನೆ. ಮೇಲೆ ನಾನು ಕಟ್ಟಿದ್ದು 75 ಪರ್ಸೆಂಟ್ ನೆರಳಿನ ಬಲೆ, ಮೊದಲೇ ಸಸಿಗಳು ಬಿಸಿಲಿಗೆ ಆಸೆಪಟ್ಟು ಬಡಕಲಾಗಿದ್ದವು. ಬಂದು ನೋಡಿದರೆ ಬುಡದಲ್ಲಿ ಕೊಳೆತು ಒಂದೊಂದೇ ಮಲಗಿದ್ದವು. ಬಿಸಿಲಿಗೆ ಹೆದರಿ ಹೆದರಿ ನೀರಲ್ಲಿ ಕೊಂದೆ. ಆ ಬೀಜಕ್ಕೆ ಎರಡನೇ ಸಲ ನೀರಿನ ಗಂಡಾಂತರ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈ ದೀಪಾವಳಿಗೆ ಬಂದಾಗ ಉಳಿದರ್ಧ ಗಂಟನ್ನು ಕೈಗಿಟ್ಟು, "ಇಷ್ಟ ಐತಿ ನೋಡು" ಅಂದಳು.

ಎಣಿಸಿದೆ. 130 ಬೀಜ. ಬದನೆ ಬೀಜ ಕೆಲವು ವರ್ಷ ತಡೆಯುತ್ತದೆ, ಆದರೆ ವರ್ಷ ವರ್ಷಕ್ಕೆ ಮೊಳೆಯುವ ಶಕ್ತಿ ಇಳಿಯುತ್ತದೆ. 20 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿದಾಗ 11 ಮೊಳೆತವು. ಆ ಹನ್ನೊಂದನ್ನೂ ಬಿಸಾಕದೆ ನಾಟಿದ್ದೇನೆ, ಜಿಪುಣತನ ಅನ್ನಿ ಬೇಕಾದರೆ.

ಟ್ರೇಗಳು ಕಬ್ಬಿನ ಸಸಿ ಮಾಡುವವರಿಂದ ತಂದ ಹಳೆಯವು. ನಮ್ಮ ಕಡೆ ಮುಧೋಳ, ಜಮಖಂಡಿ ರಸ್ತೆಯಲ್ಲಿ ಹೊರಟರೆ ಕಾಣುವ ದೊಡ್ಡ ಹಸಿರು ಬಲೆಮನೆಗಳೆಲ್ಲ ಬಹುತೇಕ ಕಬ್ಬಿನವೇ. ಒಂದೊಂದು ಕಣ್ಣಿನ ತುಂಡನ್ನು ಟ್ರೇಯಲ್ಲಿಟ್ಟು ತಿಂಗಳೊಪ್ಪತ್ತಿನಲ್ಲಿ ಸಸಿ ಮಾಡಿ ಮಾರುತ್ತಾರೆ. ತರಕಾರಿಗೆ ಸಾಮಾನ್ಯವಾಗಿ 98 ಕುಳಿಯ ಟ್ರೇ ಬಳಸುತ್ತಾರೆ, ಕಬ್ಬಿನದು 50 ಕುಳಿಯದು. ಬೇರಿಗೆ ಜಾಗ ಜಾಸ್ತಿ ಅಂತ ನನಗೆ ಇದೇ ಇಷ್ಟ. ಹಳೆ ಟ್ರೇಯಲ್ಲಿ ರೋಗ ಕೂತಿರುತ್ತದೆ, ಬ್ಲೀಚಿಂಗ್ ಪುಡಿ ನೀರಲ್ಲಿ ಅದ್ದಿ, ತಿಕ್ಕಿ, ಎರಡು ದಿನ ಬಿಸಿಲಿಗೆ ಹಾಕಿದೆ. ತೆಂಗಿನ ನಾರಿನ ಪುಡಿಯ ಇಟ್ಟಿಗೆ ನೆನೆಸಿ, ಉಪ್ಪು ಹೋಗಲಿ ಅಂತ ಮೂರು ನೀರು ಬದಲಿಸಿ ಹಿಂಡಿದೆ. ಎರೆಮಣ್ಣು ಟ್ರೇಗೆ ಆಗೋದಿಲ್ಲ, ಒಣಗಿದರೆ ಕಲ್ಲು, ನೆನೆದರೆ ಅಂಟು.

ಮೇಲಿನ ಬಲೆ ಈ ಸಲ 50 ಪರ್ಸೆಂಟಿನದು. ಸುತ್ತಲೂ ಬಿಳಿನೊಣ ಬರದಂತೆ 40 ಮೆಶ್ ಬಲೆ, ಅಂದರೆ ಇಂಚಿಗೆ 40 ಕಣ್ಣು. ಅದನ್ನು ಹೊಲಿಯಲು ಕೂತು ಕೈಯೆಲ್ಲ ಸೂಜಿ ಚುಚ್ಚಿಕೊಳ್ಳುತ್ತಿದ್ದಾಗ ಅಪ್ಪ ಬಂದು ಪಕ್ಕದಲ್ಲಿ ಕೂತರು. ಬಲೆಯನ್ನು ಕಣ್ಣ ಹತ್ತಿರ ಹಿಡಿದು ಉಗುರಿನಿಂದ ಎಳೆ ಎಣಿಸಿದರು.

"ಇಂಚಿಗೆ ನಲ್ವತ್ತೇನು? ಇದೇನ್ ದೊಡ್ಡ ಮಾತು. ನಾ ಎಂಬತ್ತರದ್ದು ನೇಯ್ದೀನಿ. ತಾ ಇಲ್ಲಿ."

ಇಪ್ಪತ್ತು ವರ್ಷ ಸುಮ್ಮನಿದ್ದ ಕೈ. ಹಾಸಿನಲ್ಲಿ ಕಡಿದ ಎಳೆ ಕೂಡಿಸುವ ಗಂಟು ಇದೆಯಲ್ಲ, ಅದೇ ಗಂಟು ಹಾಕುತ್ತಾ ಹೋದರು. ಎರಡು ದಿನದಲ್ಲಿ ಮೂರು ಕಡೆ ಮುಗಿಯಿತು. ಗಂಟು ಎಲ್ಲಿದೆ ಅಂತ ನನಗೆ ಕಾಣಿಸೋದೇ ಇಲ್ಲ.

ಬೀಜ ಹಾಕಿದ ದಿನ ಟ್ರೇಗಳನ್ನು ಎಲ್ಲಿಡೋದು ಅನ್ನುವ ಪ್ರಶ್ನೆ ಬಂತು. ರಾತ್ರಿ ಚಳಿ, ಹಗಲು ಬಿಸಿಲು. "ಕುಣಿಯೊಳಗ ಇಡು. ಚಳಿಗಾಲದಾಗ ಕಾಲು ಬೆಚ್ಚಗಿರತಿದ್ವು, ಬ್ಯಾಸಗ್ಯಾಗ ತಂಪ" ಅಂದರು ಅಪ್ಪ. ಟ್ರೇಗಳನ್ನು ಒಂದರ ಮೇಲೊಂದು ಇಟ್ಟು, ಪ್ಲಾಸ್ಟಿಕ್ ಹೊದಿಸಿ, ಕುಣಿಯಲ್ಲಿ ಇಳಿಸಿದೆ. ಮೊದಲ ಮೊಳಕೆ ಕಂಡ ದಿನ ಬಿಚ್ಚಿ ಮೇಲಕ್ಕೆ ತಂದಾಯಿತು, ಇಲ್ಲದಿದ್ದರೆ ಕತ್ತಲಲ್ಲೇ ಉದ್ದ ಬೆಳೆದುಬಿಡುತ್ತವೆ.

ಇವತ್ತು ಹನ್ನೆರಡನೇ ದಿನ. 110ರಲ್ಲಿ 43 ಎದ್ದಿವೆ, ಮೊದಲಿನ ಹನ್ನೊಂದರಲ್ಲಿ 9 ಗಟ್ಟಿಯಾಗಿವೆ. ನೀರು ದಿನಕ್ಕೆ ಒಂದೇ ಸಲ, ಬೆಳಿಗ್ಗೆ, ಅದೂ ಬೆರಳಿಟ್ಟು ನೋಡಿ. ಪಕ್ಕದ ಮನೆ ಹುಡುಗ ದೂರದಿಂದಲೇ ಕೈ ಕಟ್ಟಿ ನಿಂತು ನೋಡುತ್ತಾನೆ ಪಾಪ. ಶಿವರಾತ್ರಿಯ ನಂತರ ನಾಟಿ, ಅದಕ್ಕೆ ನಾಲ್ಕೈದು ದಿನ ಮುಂಚೆ ನೀರು ಕಡಿಮೆ ಮಾಡಿ ಬಲೆ ಸರಿಸಿ ಬಿಸಿಲು ರೂಢಿ ಮಾಡಿಸಬೇಕು. ಹತ್ತು ಗಿಡ ಬೀಳಗಿಗೆ, ಅಕ್ಕನ ಹಿತ್ತಲಿಗೆ. ಹತ್ತು ಮುಧೋಳದ ಚಿಕ್ಕಪ್ಪನ ಮನೆಗೆ, ಎಲ್ಲ ಒಂದೇ ಕಡೆ ಇಡುವ ತಪ್ಪು ಮತ್ತೆ ಮಾಡಲ್ಲ. ಉಳಿದವು ಇಲ್ಲೇ. ಬೇರೆ ಬದನೆಯ ಪರಾಗ ಬೆರೆಯದಂತೆ ಬೀಜಕ್ಕೆ ಬಿಡುವ ಹೂವುಗಳಿಗೆ ಬಟ್ಟೆ ಚೀಲ ಕಟ್ಟಬೇಕಂತೆ, ಅಪ್ಪ ಆಗಲೇ ಹಳೇ ಸೀರೆ ತುಂಡು ಹುಡುಕುತ್ತಿದ್ದಾರೆ.

ಅಕ್ಕ ದಿನಾ ರಾತ್ರಿ ಫೋನ್ ಮಾಡ್ತಾಳೆ. ಮೊದಲೆಲ್ಲ "ಊಟ ಆತೇನು?" ಅಂತ ಶುರು ಮಾಡುತ್ತಿದ್ದವಳು ಈಗ ನೇರ "ಇವತ್ತೆಷ್ಟು?" ಅಂತಾಳೆ.

ಬೀಜ ಬೇಕು ಅಂತ ಕೇಳುವವರು ದಯವಿಟ್ಟು ಈ ವರ್ಷ ಕೇಳಬೇಡಿ. ಮುಂದಿನ ಸಂಕ್ರಾಂತಿಗೆ ಖಂಡಿತ ಕೇಳಿ. ಇನ್ನು ಒಂದು ಬದಿಯ ಬಲೆ ಹೊಲಿಯೋದು ಬಾಕಿ ಇದೆ, ಅಪ್ಪ ಆಗಲೇ ಕರೆಯುತ್ತಿದ್ದಾರೆ.