ಮೊಣಕಾಲುದ್ದ ನೀರು

ನಾವು ಹುಟ್ಟಿ ಬೆಳೆದದ್ದು ಯಾದಗಿರಿ ಕಡೆಯ ಒಂದು ಹಳ್ಳಿಯಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಅನ್ನ ತಿನ್ನುತ್ತಿರುವುದು ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ. ಎರಡು ಊರಿಗೂ ಸಮುದ್ರವಿಲ್ಲ. ಹುಸೇನ್ ಸಾಗರವನ್ನು ಸಾಗರವೆಂದು ಕರೆಯುವ ಧೈರ್ಯ ಕುತುಬ್‌ಶಾಹಿಗಳ ಕಾಲದವರಿಗಿತ್ತು, ನಮಗಿಲ್ಲ. (ಇಲ್ಲಿ ‘ನಾವು’ ಎಂದರೆ ಒಬ್ಬರೇ. ಕಡತಗಳಲ್ಲಿ ‘ನಾನು’ ಎಂದು ಬರೆಯುವ ವಾಡಿಕೆ ತಪ್ಪಿಹೋಗಿದೆ, ಓದುಗರು ಕ್ಷಮಿಸಬೇಕು.)

ನೀರೆಂದರೆ ನಮಗೆ ಮೊಣಕಾಲಿನವರೆಗೆ ಮಾತ್ರ. ಅದಕ್ಕೆ ಕಾರಣವಿದೆ. ನಮ್ಮ ಕಡೆ ಹುಡುಗರು ಈಜು ಕಲಿಯುವುದು ತೋಟದ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ನಮಗೆ ಎಂಟು ವರ್ಷವಾಗಿದ್ದಾಗ, ಹನ್ನೆರಡು ವರ್ಷದ ನಮ್ಮ ಅಣ್ಣ, ಇನ್ನು ತನಗೆ ಬುರುಡೆ ಬೇಡವೆಂದು ಬಿಚ್ಚಿ ದಂಡೆಯ ಮೇಲಿಟ್ಟು ಧುಮುಕಿದ. ಬುರುಡೆಯನ್ನು ಮನೆಗೆ ತಂದವರು ನಾವು. ಅಂದು ರಾತ್ರಿ ಅವ್ವ ನಮ್ಮ ಕೈ ಹಿಡಿದು ನೀರಿಗಿಳಿಯುವುದಿಲ್ಲವೆಂದು ಆಣೆ ಮಾಡಿಸಿಕೊಂಡಳು. ಆಮೇಲೆ ಮನೆಯಲ್ಲಿ ಅಣ್ಣನ ಹೆಸರು ಹಿಡಿದು ಯಾರೂ ಮಾತಾಡಲಿಲ್ಲ. ಬಿ.ಎಸ್ಸಿ.ಯಲ್ಲಿ ಆರ್ಕಿಮಿಡೀಸನ ತತ್ವವನ್ನು ಬಾಯಿಪಾಠ ಮಾಡಿ ಪಾಸಾದೆವು, ಅದರ ಪ್ರಯೋಗವನ್ನು ಮಾತ್ರ ನಮ್ಮ ಮೈಮೇಲೆ ಮಾಡಿಕೊಳ್ಳಲಿಲ್ಲ.

ನಲವತ್ತಮೂರನೆಯ ವಯಸ್ಸಿಗೆ ರಕ್ತದಲ್ಲಿ ಸಕ್ಕರೆ ಹೆಚ್ಚಾಯಿತು. ಡಾಕ್ಟರು ನಡೆಯಿರಿ ಎಂದರು. ನೆಕ್ಲೆಸ್ ರಸ್ತೆಯಲ್ಲಿ ನಡೆಯುತ್ತ ನಡೆಯುತ್ತ, ಹಿಂದೆ ಬಂದ ಮುದುಕರು ನಮ್ಮನ್ನು ದಾಟಿ ಹೋಗುವುದನ್ನು ನೋಡಲಾರದೆ ಓಡಲು ಶುರು ಮಾಡಿದೆವು. ಕೆರೆಯ ಪಕ್ಕದಲ್ಲೇ ಓಟ, ಆದರೆ ನೀರಿಗೂ ನಮಗೂ ನಡುವೆ ಗಟ್ಟಿಯಾದ ಕಬ್ಬಿಣದ ಕಟಕಟೆ! ಇದನ್ನು ಕಂಡ ಮಗಳು ಒಂದು ಕರಾರು ಹಾಕಿದಳು. ನಾವು ಅರ್ಧ ಮ್ಯಾರಥಾನ್ ಓಡಿ ಮುಗಿಸಿದರೆ ಅವಳು ಕೇಳಿದ ಕಡೆಗೆ ಕರೆದುಕೊಂಡು ಹೋಗಬೇಕು. ಆಗುವ ಮಾತಲ್ಲವೆಂದು ಒಪ್ಪಿಬಿಟ್ಟೆವು.

2025ರ ಆಗಸ್ಟಿನಲ್ಲಿ ಹೈದರಾಬಾದ್ ಮ್ಯಾರಥಾನಿನ ಅರ್ಧ ದೂರ, ಅಂದರೆ 21 ಕಿಲೋಮೀಟರು 97.5 ಮೀಟರು, ಓಡಿದೆವು. ಈ ಊರಿನ ಫ್ಲೈಓವರುಗಳು ಬಸ್ಸಿನಲ್ಲಿ ಕುಳಿತವರಿಗೆ ಏರು ಎನಿಸುವುದೇ ಇಲ್ಲ. ಹದಿನೇಳನೆಯ ಕಿಲೋಮೀಟರಿನಲ್ಲಿ ಓಡುವವನನ್ನು ಕೇಳಬೇಕು. ಗಚ್ಚಿಬೌಲಿಯ ಕ್ರೀಡಾಂಗಣಕ್ಕೆ ಮುಟ್ಟಿದಾಗ 2 ಗಂಟೆ 41 ನಿಮಿಷವಾಗಿತ್ತು. ಪದಕವನ್ನು ಅವ್ವನ ಕೈಗೆ ಕೊಟ್ಟರೆ ಹೊರಳಿಸಿ ನೋಡಿ, “ಇಷ್ಟು ದೂರ ಓಡಾಕ ಯಾರ್ ಬೆನ್ನ ಹತ್ತಿದ್ರು?” ಎಂದಳು.

ಮಗಳು ಕೇಳಿದ್ದು ಸಮುದ್ರ. ಅದೂ ಸುಮ್ಮನೆ ನೋಡುವುದಲ್ಲ, ಸರ್ಫಿಂಗ್! ಅದೇ ತಿಂಗಳು ಮಹಾಬಲಿಪುರದ ಏಷ್ಯನ್ ಸ್ಪರ್ಧೆಯಲ್ಲಿ ರಮೇಶ್ ಬೂದಿಹಾಳ್ ಎಂಬ ಯುವಕ ಕಂಚು ಗೆದ್ದಿದ್ದ. ಕೋವಳಂನಲ್ಲಿ ಬೆಳೆದವನು, ಆದರೆ ಬೂದಿಹಾಳವೆಂಬ ಹೆಸರು ಕೇಳಿದರೆ ನಮ್ಮ ಬಯಲುಸೀಮೆಯ ಧೂಳಿನ ವಾಸನೆ ಬರುತ್ತದೆ. “ಬೂದಿಹಾಳದವರು ತೆರೆ ಹತ್ತಬಹುದಾದರೆ ನಾವು ಹತ್ತಬಾರದೆ, ಅಪ್ಪಾ?” ಎಂಬ ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲ. ನಮ್ಮಾಕೆ, “ಅತ್ತೆಯವರಿಗೆ ಯಾರು ಹೇಳ್ತೀರಿ?” ಎಂದು ಅಡುಗೆಮನೆಗೆ ಹೋದಳು.

ಹೇಳಿದೆವು. ಅವ್ವ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ “ನಾನೂ ಬರ್ತೀನಿ” ಎಂದಳು.

ಎಲ್.ಟಿ.ಸಿ.ಯ 2022–25ರ ಅವಧಿ ಮುಗಿಯುತ್ತ ಬಂದಿತ್ತು. ಅವಲಂಬಿತ ತಾಯಿಗೂ ಟಿಕೇಟಿನ ಹಣ ಸಿಗುತ್ತದೆ. ಡಿಸೆಂಬರಿನಲ್ಲಿ ಕಾಚಿಗುಡದ ರೈಲು ಹತ್ತಿದೆವು. ಮೊದಲು ಮಂಗಳೂರಿಗೆ ನಿಲ್ಲುತ್ತಿದ್ದ ಈ ಗಾಡಿ 2024ರಿಂದ ಮುರುಡೇಶ್ವರದವರೆಗೂ ಹೋಗುತ್ತಿದೆ. ತಮಾಷೆಯೆಂದರೆ, ಕನ್ನಡನಾಡಿನ ಕಡಲು ಮುಟ್ಟುವುದಕ್ಕೆ ಅದು ತೆಲುಗು, ತಮಿಳು, ಮಲಯಾಳ ಎಲ್ಲವನ್ನೂ ಸುತ್ತಿ ಬರುತ್ತದೆ. ಚಹಾ ಮಾರುವವನ ಕೂಗು ನಾಲ್ಕು ಸಲ ಬದಲಾಯಿತು.

ಮಂಗಳೂರಿನಲ್ಲಿಳಿದು ಬಸ್ಸಿನಲ್ಲಿ ಮೂಲ್ಕಿಗೆ ಹೋದೆವು. ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ ಎಂಬ ಸನ್ಯಾಸಿ ಇಲ್ಲಿ ಆಶ್ರಮ ಕಟ್ಟಿ, ಶಿಷ್ಯರೊಡನೆ ಸರ್ಫಿಂಗ್ ಕಲಿಸಲು ತೊಡಗಿದ್ದರಿಂದ ಈ ಆಟ ನಮ್ಮ ಕರಾವಳಿಯಲ್ಲಿ ಬೇರೂರಿತು. ಜನ ಅವರನ್ನು ಸರ್ಫಿಂಗ್ ಸ್ವಾಮಿ ಎಂದೇ ಕರೆದರು. ಶಾಂಭವಿ, ನಂದಿನಿ ನದಿಗಳು ಕೂಡಿ ಕಡಲು ಸೇರುವ ಸಸಿಹಿತ್ಲಿನಲ್ಲಿ 2016ರಿಂದೀಚೆಗೆ ರಾಷ್ಟ್ರಮಟ್ಟದ ಸ್ಪರ್ಧೆಗಳೂ ನಡೆದಿವೆ.

ಅವ್ವ ಮರಳಿನ ಮೇಲೆ ಕುಳಿತಳು. ಎಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ ಸಮುದ್ರ ನೋಡುವವರು ಏನಾದರೂ ಅನ್ನುತ್ತಾರೆಂದು ಕಾದೆವು, ಏನೂ ಅನ್ನಲಿಲ್ಲ. ಮಗಳು ತನಗಿಂತ ಉದ್ದದ ಹಲಗೆ ಹೊತ್ತು ನೀರಿಗಿಳಿದಳು. ಹಲಗೆಯನ್ನು ಕಾಲಿಗೆ ಹಗ್ಗದಿಂದ ಕಟ್ಟಿರುತ್ತಾರೆ. ಕಲಿಸುವ ಹುಡುಗ ಎದೆಮಟ್ಟದ ನೀರಿನಲ್ಲಿ ಪಕ್ಕದಲ್ಲೇ ನಿಂತಿರುತ್ತಾನೆ. ತೆರೆ ಬರುತ್ತದೆ, ಇವಳು ಏಳುತ್ತಾಳೆ, ಬೀಳುತ್ತಾಳೆ, ಕಾಣೆಯಾಗುತ್ತಾಳೆ. ಪ್ರತಿ ಸಲವೂ ಅವ್ವನ ಬೆರಳು ನಮ್ಮ ಮುಂಗೈಯನ್ನು ಒತ್ತುತ್ತಿತ್ತು. ನಾವು ಓದಿದ ವಿಜ್ಞಾನವನ್ನೆಲ್ಲ ಖರ್ಚು ಮಾಡಿದೆವು: ಆಳ ಸಮುದ್ರದಲ್ಲಿ ತೆರೆಯೊಡನೆ ನೀರು ಮುಂದೆ ಬರುವುದಿಲ್ಲವವ್ವ, ನಿಂತಲ್ಲೇ ಗುಂಡಗೆ ತಿರುಗುತ್ತದೆ, ದಂಡೆಯ ಹತ್ತಿರ ಆಳ ಕಡಿಮೆಯಾದಾಗ ತಲೆ ಮುಂದಾಗಿ ಒಡೆಯುತ್ತದೆ, ಅಷ್ಟೇ. ಅವಳಿಗೆ ಅದು ಬೇಕಾಗಿರಲಿಲ್ಲ. “ಹೊಳ್ಳಿ ಬರ್ತಾಳಲ್ಲೋ?” ಎಂದಷ್ಟೇ ಕೇಳುತ್ತಿದ್ದಳು. ಹತ್ತೋ ಹನ್ನೊಂದೋ ಸಲ ಬಿದ್ದ ಮೇಲೆ ಮಗಳು ಎದ್ದು ನಿಂತು, ಮೂರು ನಾಲ್ಕು ಕ್ಷಣ ಹಾಗೇ ಜಾರಿ ಬಂದು ನಮ್ಮ ಕಡೆ ಕೈ ಬೀಸಿದಳು. ಅವ್ವನ ಹಿಡಿ ಸಡಿಲವಾಯಿತು. ಸ್ವಲ್ಪ ಹೊತ್ತಾದ ಮೇಲೆ, “ಅವಾ ಬುರುಡಿ ಬಿಚ್ಚಬಾರದಿತ್ತು” ಎಂದಳು.

ಮೂವತ್ತೆಂಟು ವರ್ಷದಲ್ಲಿ ಅವಳು ಆ ವಿಷಯ ಎತ್ತಿದ್ದು ಅದೇ ಮೊದಲು.

ಮರುದಿನ ಮುರುಡೇಶ್ವರ. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ದು ಸ್ನಾರ್ಕೆಲಿಂಗ್ ಮಾಡಿಸುತ್ತಾರೆ. ತಾಯಿ ಮಗಳು ಹೊರಟರು. ನಾವು ಚೀಲ ಕಾಯುವ ಸಿದ್ಧತೆಯಲ್ಲಿದ್ದಾಗ ಅವ್ವ, “ನೀನೂ ಹೋಗು. ಬುರುಡಿ ಮಾತ್ರ ಬಿಚ್ಚಬ್ಯಾಡ” ಎಂದಳು. ನಮ್ಮಾಕೆ ಬೇರೆ ಕಡೆ ನೋಡಿದಳು.

ಲೈಫ್ ಜಾಕೆಟ್ಟೆಂಬ ಕಿತ್ತಳೆ ಬಣ್ಣದ ಬುರುಡೆ ಕಟ್ಟಿಕೊಂಡು, ದೋಣಿಯ ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆವೋ ದೋಣಿಯವರನ್ನೇ ಕೇಳಬೇಕು. ಬಾಯಲ್ಲಿಡುವ ಕೊಳವೆ ಒಂದು ಮೊಳಕ್ಕಿಂತ ಉದ್ದವಿರುವುದಿಲ್ಲ. ಮೀಟರು ಆಳದಲ್ಲೇ ಪ್ರತಿ ಚದರ ಸೆಂಟಿಮೀಟರಿಗೆ 100 ಗ್ರಾಂ ಭಾರ ಎದೆಯನ್ನು ಒತ್ತುವುದರಿಂದ ಉದ್ದ ಕೊಳವೆಯಲ್ಲಿ ಉಸಿರೆಳೆಯಲಾಗದು. ಇದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡು ಮುಖವನ್ನು ನೀರಿಗಿಟ್ಟೆವು. ಮೊದಲು ಕೇಳಿದ್ದು ನಮ್ಮ ಉಸಿರು. ಆಮೇಲೆ ಕಪ್ಪು ಬಿಳಿ ಹಳದಿ ಪಟ್ಟೆಯ ಮೀನುಗಳು, ತಿದಿಯಂತೆ ಆಡುವ ಬೆಳಕು, ಬಂಡೆ. ಗಾಜಿನ ಹಿಂದೆ ಗಾಳಿ, ಮುಂದೆ ನೀರು ಇರುವುದರಿಂದ ಎಲ್ಲವೂ ಇರುವುದಕ್ಕಿಂತ ಕಾಲು ಭಾಗ ಹತ್ತಿರದಲ್ಲಿ ಕಾಣುತ್ತದೆ. ಗೊತ್ತಿದ್ದೂ ಎರಡು ಸಲ ಕೈ ಚಾಚಿದೆವು.

ಸಂಜೆ ದಂಡೆಗೆ ಬಂದಾಗ ಅವ್ವ ಅಲ್ಲೇ ಕುಳಿತಿದ್ದಳು. “ತಳ ಕಂಡಿತೇನು?” ಎಂದಳು.

“ಕಂಡಿತವ್ವ. ತಿಳಿ ಇತ್ತು.”

ಹಿಂದಿರುಗುವಾಗ ರೈಲಿನಲ್ಲಿ ಪಾಲಕ್ಕಾಡ್ ದಾಟುವವರೆಗೂ ಅವ್ವ ಅಣ್ಣನ ಹೆಸರು ಹಿಡಿದು ಮೊಮ್ಮಗಳಿಗೆ ಅವನ ಕಥೆ ಹೇಳಿದಳು. ಅವನಿಗೆ ಸಜ್ಜಿ ರೊಟ್ಟಿ ಸೇರುತ್ತಿರಲಿಲ್ಲವಂತೆ. ತನ್ನ ಪಾಲಿನದನ್ನು ಕದ್ದು ನಮ್ಮ ತಟ್ಟೆಗೆ ಹಾಕುತ್ತಿದ್ದನಂತೆ. ನಮಗೆ ಅದು ಗೊತ್ತೇ ಇರಲಿಲ್ಲ.