ತೋನ್ಸೆಪಾರ್‌ಗೆ ಮೇರಿಯ ಹೆಸರು

ಶಿರ್ವದಿಂದ ಹೊರಟವರು ಶಂಕರಪುರದ ಮಲ್ಲಿಗೆ ತೋಟಗಳನ್ನು ನೋಡುತ್ತ ಕಟಪಾಡಿ, ಉಡುಪಿ ದಾಟಿ ಮಲ್ಪೆ ಸೇರಿದರೆ, ಪಡುವಣ ಕಡಲಿನಲ್ಲಿ ತೆಂಗಿನ ಮರಗಳ ಹಸಿರು ಗೆರೆಯೊಂದು ಕಾಣುತ್ತದೆ. ಭೂಪಟದಲ್ಲಿ ಅದು ಸೇಂಟ್ ಮೇರೀಸ್ ದ್ವೀಪ. ಸ್ಥಳೀಯರಿಗೆ ತೋನ್ಸೆಪಾರ್. ತೆಂಗಿನ ದ್ವೀಪವೆಂಬುದು ಇನ್ನೊಂದು ಹೆಸರು.

1498ರಲ್ಲಿ ಕೇರಳದ ಕಡೆಯಿಂದ ಮರಳುವಾಗ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು, ಮೇರಿ ಮಾತೆಯ ಹೆಸರಿಟ್ಟನೆಂಬುದು ಪ್ರತೀತಿ. ಅದೇ ಮಾತೆ ಶಿರ್ವದ ಇಗರ್ಜಿಯಲ್ಲಿ ಆರೋಗ್ಯ ಮಾತೆ. ಅಲ್ಲಿ ಹೆಸರಿಟ್ಟು ಕರೆಯುವವರು ಊರಿನ ಭಕ್ತರು. ಇಲ್ಲಿ ಹೆಸರಿಟ್ಟವನು ದಾರಿಹೋಕ ನಾವಿಕ. ಆದರೂ ಭೂಪಟದಲ್ಲಿ ಉಳಿದದ್ದು ನಾವಿಕನದೇ.

ದ್ವೀಪಕ್ಕೆ ಕಾಲಿಟ್ಟರೆ ಮರಳಿಗಿಂತ ಮೊದಲು ಕಣ್ಣು ಸೆಳೆಯುವುದು ಕಲ್ಲಿನ ಕಂಬಗಳು. ಯಾರೋ ಶಿಲ್ಪಿ ಕೆತ್ತಿ ನಿಲ್ಲಿಸಿದಂತೆ ಐದು, ಆರು ಮೂಲೆಗಳು. ಕೆತ್ತಿದ್ದು ಬೆಂಕಿ. ಭೂಮಿಯೊಳಗಿಂದ ಉಕ್ಕಿದ ಲಾವಾ ತಣಿಯುವಾಗ ಕುಗ್ಗಿತು. ಬೇಸಿಗೆಯ ಕೆರೆಯ ಕೆಸರಿನಂತೆ ಬಿರುಕು ಬಿಟ್ಟಿತು. ಬಿರುಕು ಆಳಕ್ಕಿಳಿದು ಕಂಬಗಳಾದವು. ಬಹುಕಾಲ ಇದನ್ನು ಬಸಾಲ್ಟ್ ಎಂದೇ ಕರೆಯುತ್ತಿದ್ದರು. ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯ ಕಲ್ಲೆಂದು ಆಮೇಲೆ ತಿಳಿಯಿತು. ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲವದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಅದಕ್ಕೂ ಹಿಂದೆ ಭಾರತ, ಮಡಗಾಸ್ಕರ್, ಅಂಟಾರ್ಕ್ಟಿಕ ಮೂರೂ ಗೊಂಡ್ವಾನವೆಂಬ ಒಂದೇ ಭೂಖಂಡದ ತುಂಡುಗಳು. ಹಿಮದ ಆ ನಾಡಿನ ಉದ್ದ ಮೂಗಿನಂತಿರುವ ಪರ್ಯಾಯ ದ್ವೀಪಕ್ಕೂ ಹೆಸರಿನದೇ ಜಗಳವಿತ್ತು. ಬ್ರಿಟಿಷರಿಗೆ ಅದು ಗ್ರಹಾಂ ಲ್ಯಾಂಡ್, ಅಮೆರಿಕನ್ನರಿಗೆ ಪಾಮರ್ ಪೆನಿನ್ಸುಲಾ. 1964ರಲ್ಲಿ ಇಂಗ್ಲಿಷ್ ನುಡಿಯ ದೇಶಗಳು ಅಂಟಾರ್ಕ್ಟಿಕ ಪರ್ಯಾಯ ದ್ವೀಪವೆಂದು ಒಪ್ಪಿಕೊಂಡವು. ಅರ್ಜೆಂಟೀನಾ, ಚಿಲಿ ದೇಶಗಳು ಮಾತ್ರ ತಂತಮ್ಮ ವೀರರಾದ ಸಾನ್ ಮಾರ್ಟಿನ್, ಓ'ಹಿಗಿನ್ಸ್ ಹೆಸರುಗಳನ್ನು ಬಿಡಲಿಲ್ಲ. ಅಲ್ಲಿ ಹೆಸರು ಬಿಡುವುದೆಂದರೆ ನೆಲದ ಹಕ್ಕನ್ನೇ ಬಿಟ್ಟಂತೆ.

ತೋನ್ಸೆಪಾರ್‌ಗೆ ಅಂಥ ಹಕ್ಕುದಾರರ ಜಗಳವಿಲ್ಲ. ಅದಕ್ಕೇ ಊರಿನ ಹೆಸರು ಸದ್ದಿಲ್ಲದೆ ಹಿಂದೆ ಸರಿಯುತ್ತಿದೆ. ಹತ್ತಿರದ ತೋನ್ಸೆ ಗ್ರಾಮದ ಗುರುತು ಅದರಲ್ಲಿದೆ, ಭೂಪಟದ ಹೆಸರಿನಲ್ಲಿಲ್ಲ. ಮಳೆಗಾಲದಲ್ಲಿ ಪ್ರವಾಸಿ ದೋಣಿಗಳು ಓಡುವುದಿಲ್ಲ. ಉಳಿದ ದಿನಗಳಲ್ಲಿ ಹೋಗುವವರು ಕಂಬಗಳ ನಡುವಿನ ಅಲೆಗೆ ಹೆದರಿ ನಡೆಯಬೇಕು. ದೋಣಿ ಹತ್ತುವಾಗ ತೋನ್ಸೆಪಾರ್‌ಗೆ ಎಂದು ಕೇಳಿದರೆ ಖರ್ಚೇನೂ ಹೆಚ್ಚುವುದಿಲ್ಲ. ಹಳೆಯ ಹೆಸರೊಂದು ಇನ್ನಷ್ಟು ಕಾಲ ಬಾಳುತ್ತದೆ.